ಒಂದು ಬೆಳೆ ಗೂಡಿನ ದುಡ್ಡು, ಐನೂರು ಪುಸ್ತಕ

ನಮ್ಮ ನಡುಮನೆಯ ಮಂಚದ ಕೆಳಗೆ ಈಗ 110 ಪುಸ್ತಕ ಇವೆ. 2025ರ ಏಪ್ರಿಲ್‌ನಲ್ಲಿ 500 ಬಂದಿದ್ದವು. ಮಿಕ್ಕ 390 ಏನಾದವು, ಎಷ್ಟು ದುಡ್ಡು ಬಂತು, ಇನ್ನೂ ಎಷ್ಟು ಬರಬೇಕು ಅನ್ನುವುದೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿದೆ. ನಾವು ರೇಷ್ಮೆ ಗೂಡಿನ ಲೆಕ್ಕ ಬರೆಯುವ ಪುಸ್ತಕವೇ ಅದು. ಮುಂದಿನ ಪುಟದಿಂದ ಮೊಟ್ಟೆ, ಸೊಪ್ಪು, ಗೂಡಿನ ಲೆಕ್ಕ. ಹಿಂದಿನ ಪುಟದಿಂದ ನನ್ನ ಕಥೆ ಪುಸ್ತಕದ ಲೆಕ್ಕ.

ನಾವು ಶಿಡ್ಲಘಟ್ಟ ತಾಲ್ಲೂಕಿನವರು. ಒಂದೂವರೆ ಎಕರೆ ಹಿಪ್ಪುನೇರಳೆ ಇದೆ. ವರ್ಷಕ್ಕೆ ಐದಾರು ಬೆಳೆ ಹುಳು ಸಾಕುತ್ತೇವೆ. ನಾನು ಇಪ್ಪತ್ತು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಎಲ್ಲಾ ನಮ್ಮ ಕಡೆಯವೇ: ಹುಳು ಸಾಕುವ ಹೆಂಗಸರು, ನೂಲು ತೆಗೆಯುವ ಹೆಂಗಸರು, ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಲಾಟ್ ಕಾಯುತ್ತಾ ನಿಂತ ಗಂಡಸರು. ನಾಲ್ಕು ಕಥೆ ವಾರಪತ್ರಿಕೆಗಳಲ್ಲಿ ಬಂದಿದ್ದವು. ಒಟ್ಟು ಹನ್ನೊಂದು ಆದಾಗ ಪುಸ್ತಕ ಮಾಡಬೇಕು ಅನ್ನಿಸಿತು.

ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರಿಂದ ಉತ್ತರ ಬರಲಿಲ್ಲ. ಇನ್ನೊಬ್ಬರು ಕಥೆ ಚೆನ್ನಾಗಿವೆ ಅಂದರು, ಆದರೆ 300 ಪ್ರತಿ ನೀವೇ ಕೊಳ್ಳಬೇಕು ಅಂದರು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಮೊದಲ ಪುಸ್ತಕಕ್ಕೆ ಸಹಾಯಧನ ಇದೆ, ಆದರೆ ಅದು ಯುವ ಬರಹಗಾರರಿಗೆ. ನನಗೆ ಐವತ್ತಮೂರು.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿಗೆ ನಾನೂ ಮಗಳೂ ಹೋಗಿದ್ದೆವು. ಗೋಷ್ಠಿಗಳಿಗಿಂತ ಜಾಸ್ತಿ ಹೊತ್ತು ಪುಸ್ತಕದ ಮಳಿಗೆಗಳಲ್ಲೇ ಕಳೆದೆ. ಒಂದು ಮೂಲೆಯಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ತಮ್ಮದೇ ಎರಡು ಪುಸ್ತಕ ಇಟ್ಟುಕೊಂಡು ಕೂತಿದ್ದರು. ಮುದ್ರಣ ಎಲ್ಲಿ ಮಾಡಿಸಿದಿರಿ, ಎಷ್ಟಾಯಿತು ಅಂತ ಕೇಳಿದೆ. ಮುಚ್ಚುಮರೆ ಇಲ್ಲದೆ ಎಲ್ಲಾ ಹೇಳಿದರು. ಹೊರಡುವಾಗ, "ಅಕ್ಕ, ಬೆಲೆ ಹಾಕುವಾಗ ಅರ್ಧ ಅಂಗಡಿಯವರಿಗೆ ಹೋಗುತ್ತೆ ಅಂತ ಇಟ್ಟುಕೊಂಡೇ ಹಾಕಿ" ಅಂದರು. ಆ ಮಾತು ನನಗೆ ಆಗ ಪೂರ್ತಿ ಅರ್ಥ ಆಗಲಿಲ್ಲ.

ಜನವರಿ ಬೆಳೆ ಚೆನ್ನಾಗಿ ಬಂತು. ಗೂಡು ಮಾರಿದ ದುಡ್ಡು ಕೈಗೆ ಬಂದ ದಿನ ನಮ್ಮ ಯಜಮಾನರು, "ಈ ಬೆಳೆ ನಿನ್ನ ಪುಸ್ತಕಕ್ಕೆ ಇಟ್ಟುಕೋ, ಮುಂದಿನ ಬೆಳೆ ಮನೆಗೆ ನೋಡೋಣ" ಅಂದರು. ಅವರು ಕಥೆ ಓದುವವರಲ್ಲ. ಆದರೂ ಅಂದರು.

ಮೊದಲ ಕೆಲಸ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ. ಇದಕ್ಕೆ ದುಡ್ಡು ಕೊಡಬೇಕು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಒಬ್ಬರು ನನ್ನ ಹತ್ತಿರ ಎರಡು ಸಾವಿರ ಕೇಳಿದ್ದರು. ದಯವಿಟ್ಟು ಯಾರಿಗೂ ಕೊಡಬೇಡಿ. ನಮ್ಮ ದೇಶದಲ್ಲಿ ಇದು ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಕೊಡುತ್ತೆ, ಅರ್ಜಿ ಆನ್‌ಲೈನ್‌ನಲ್ಲಿ. ಲೇಖಕರೇ ಪ್ರಕಾಶಕರಾಗಿ ಹಾಕಬಹುದು. ಮಗಳು ಒಂದು ಸಂಜೆ ಕೂತು ತುಂಬಿದಳು. ಒಂದು ಸಲ ಕಡತ ಸರಿ ಇಲ್ಲ ಅಂತ ವಾಪಸ್ ಬಂತು, ಮತ್ತೆ ಹಾಕಿದೆವು. ಮೂರು ವಾರಕ್ಕೆ 978ರಿಂದ ಶುರುವಾಗುವ 13 ಅಂಕೆ ಬಂತು. ಅದನ್ನು ಚೀಟಿಯಲ್ಲಿ ಬರೆದು ದೇವರ ಗೂಡಿನಲ್ಲಿಟ್ಟೆ.

ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸವನ್ನು ಬೆಂಗಳೂರಿನ ಒಬ್ಬರಿಗೆ ಕೊಟ್ಟೆ. ನಾನು ಕಥೆಗಳನ್ನು ಮೊಬೈಲಿನಲ್ಲೇ ಬರೆದದ್ದು, ಅಂದರೆ ಯೂನಿಕೋಡ್‌ನಲ್ಲಿ, ಎಲ್ಲಾ ಫೋನು ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ. ಅವರ ಹತ್ತಿರ ಇದ್ದದ್ದು ಹಳೆಯ ಪೇಜ್‌ಮೇಕರ್ ಸಾಫ್ಟ್‌ವೇರ್, ನುಡಿ ಅಕ್ಷರ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವತ್ತು ಬಿದ್ದುಹೋಯಿತು. ಮೊದಲ ಪ್ರೂಫ್ ಬಂದಾಗ ನೋಡಿದರೆ "ವರ್ಷ" ಎಲ್ಲಾ ಕಡೆ "ವಷ" ಆಗಿದೆ, "ಸೂರ್ಯ" "ಸೂಯ" ಆಗಿದ್ದಾನೆ, "ಅರ್ಧ" "ಅಧ" ಆಗಿದೆ. 151 ಪುಟದಲ್ಲಿ ಎಷ್ಟು "ರ್" ಇರುತ್ತೆ ಹೇಳಿ? ನಾಲ್ಕು ದಿನ ಕೆಂಪು ಪೆನ್ನು ಹಿಡಿದು ಕೂತೆ. ಒಂದೊಂದೇ ಪದಕ್ಕೆ ಸುತ್ತು ಹಾಕಿದೆ. ಕಣ್ಣು ನೀರಾಡಿತು. ನೀವು ಪುಸ್ತಕ ಮಾಡಿಸುವುದಾದರೆ ಮೊದಲೇ ಕೇಳಿಬಿಡಿ: ಯೂನಿಕೋಡ್‌ನಲ್ಲೇ ಪುಟ ಕಟ್ಟುತ್ತೀರಾ ಅಂತ. ಇನ್‌ಡಿಸೈನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅದು ಆಗುತ್ತೆ. ಆಗ ಈ ಕಷ್ಟದಲ್ಲಿ ಮುಕ್ಕಾಲು ಪಾಲು ಇರುವುದಿಲ್ಲ.

ಆಮೇಲೆ ಕರಡು ತಿದ್ದುವವರ ಸರದಿ. ಅವರು ಒಳ್ಳೆಯವರು, ಹಳೆಯ ಕೈ. ಪುಟಕ್ಕೆ 15 ರೂಪಾಯಿ. ನನ್ನ ಕಾಗುಣಿತದ ತಪ್ಪು ಎಷ್ಟೋ ಹಿಡಿದುಕೊಟ್ಟರು. ಆದರೆ ಹುಳು ಸಾಕಿದವರಲ್ಲ. ನಾನು "ಹುಳು ಜ್ವರಕ್ಕೆ ಕೂತವು" ಅಂತ ಬರೆದಿದ್ದೆ. ಅವರು "ಹುಳುಗಳಿಗೆ ಜ್ವರ ಬಂದಿತು" ಅಂತ ತಿದ್ದಿದ್ದರು. ನಮ್ಮಲ್ಲಿ ಜ್ವರ ಅಂದರೆ ಕಾಯಿಲೆ ಅಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಚರ್ಮ ಕಳಚುವ ಹೊತ್ತು ಅದು. ಮೊಟ್ಟೆಯಿಂದ ಗೂಡಿನ ತನಕ ನಾಲ್ಕು ಜ್ವರ. ಒಂದನೇ ಜ್ವರ, ಎರಡನೇ ಜ್ವರ ಅಂತ ಎಣಿಸಿಯೇ ನಮ್ಮ ದಿನ ಹೋಗುವುದು. ಇನ್ನೊಂದು ಕಡೆ "ಹುಳು ಹಣ್ಣಾದವು" ಅಂತ ಇತ್ತು. ಅದು "ಹುಳು ಸಣ್ಣಗಾದವು" ಆಗಿತ್ತು. ಐದನೇ ಹಂತ ಮುಗಿದು, ತಿನ್ನುವುದು ನಿಂತು, ಮೈ ಬೆಳಕಿಗೆ ಹಿಡಿದರೆ ಹಳದಿಯಾಗಿ ಹೊಳೆಯುವ ಹುಳುವನ್ನು ನಾವು ಹಣ್ಣು ಹುಳು ಅನ್ನುತ್ತೇವೆ. ಆಗಲೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡುವುದು.

ಸಂಭಾಷಣೆಯಲ್ಲಿ ಬರುವ ತೆಲುಗನ್ನೂ ಕನ್ನಡ ಮಾಡಿಬಿಡಿ ಅಂತ ಅವರು ಸಲಹೆ ಕೊಟ್ಟರು. ನನಗೆ ಒಪ್ಪಿಗೆ ಆಗಲಿಲ್ಲ. ನಮ್ಮದು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ಕೈವಾರ ತಾತಯ್ಯನವರ ಸೀಮೆ. ಅತ್ತೆ ಸೊಸೆಯನ್ನು "ಏಮ್ಮಾ, ತಿನ್ನಾವಾ?" ಅಂತ ಕೇಳಿ, ಮುಂದಿನ ಮಾತು ಕನ್ನಡದಲ್ಲಿ ಆಡುತ್ತಾಳೆ. ಹಾಗೆ ಆಡುವವರ ಕಥೆಯನ್ನು ಬೇರೆ ಹೇಗೆ ಬರೆಯಲಿ? ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆವು. ಕೊನೆಗೆ ಅವರೇ, "ಅಮ್ಮಾ, ಹಾಗಾದರೆ ಈ ಮಾತುಗಳಿಗೆಲ್ಲ ಅರ್ಥ ಕೊಟ್ಟುಬಿಡಿ, ನನ್ನಂಥವರಿಗೆ ಗೊತ್ತಾಗಲಿ" ಅಂದರು.

ಅದೇ ವಾರ ಪ್ರೆಸ್ಸಿನಿಂದ ಫೋನ್ ಬಂತು. ಪುಟ 151 ಆಗಿದೆ, ಏನು ಮಾಡೋಣ ಅಂತ. ಡೆಮಿ ಅಳತೆಯ ಪುಸ್ತಕದಲ್ಲಿ ಒಂದು ಫಾರಂ ಅಂದರೆ 16 ಪುಟ. ಒಂಬತ್ತು ಫಾರಂಗೆ 144, ಹತ್ತಕ್ಕೆ 160. 151 ಇದ್ದರೆ ಒಂದೋ ಏಳು ಪುಟ ಇಳಿಸಬೇಕು, ಇಲ್ಲ ಅರ್ಧ ಫಾರಂ ಸೇರಿಸಬೇಕು. ಅರ್ಧ ಹಾಕಿದರೂ ಖರ್ಚು ಪೂರ್ತಿ ಫಾರಂನ ಹತ್ತಿರವೇ ಬರುತ್ತೆ ಅಂದರು. ಕಥೆ ಕತ್ತರಿಸಲು ಮನಸ್ಸು ಬರಲಿಲ್ಲ. ಕರಡು ತಿದ್ದಿದವರ ಮಾತು ನೆನಪಾಯಿತು. ಎಂಟು ಪುಟದ ಪದಗಳ ಪಟ್ಟಿ ಬರೆದೆ. ಚಾಕಿ, ಅಂದರೆ ಎಳೆ ಹುಳುವಿನ ಹಂತ. ಜ್ವರ, ಹಣ್ಣು ಹುಳು, ಚಂದ್ರಿಕೆ. ಹುಳುವಿಗೆ ಬರುವ ರೋಗಗಳು: ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು. ಡಬಲ್ ಗೂಡು, ಅಂದರೆ ಎರಡು ಹುಳು ಸೇರಿ ಕಟ್ಟಿದ ಗೂಡು, ನೂಲು ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಅರ್ಥ ಬರೆಯುವಾಗ ನಮ್ಮತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಅವರಿಗೆ ಎಂಬತ್ತು ದಾಟಿದೆ. ನಾನು ಮರೆತ ಇಪ್ಪತ್ತು ಪದ ಅವರ ಬಾಯಿಂದ ಬಂದವು. ಹೀಗೆ 159 ಆಯಿತು, ಕೊನೆಯ ಒಂದು ಪುಟ ಖಾಲಿ. ಪುಸ್ತಕ ಬಂದ ಮೇಲೆ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಮೊದಲು ಮಾತಾಡಿದ್ದು ಈ ಎಂಟು ಪುಟದ ಬಗ್ಗೆ. ಚಿಂತಾಮಣಿಯ ಒಬ್ಬ ಕಾಲೇಜು ಮೇಷ್ಟ್ರು ಈ ಪಟ್ಟಿಗೋಸ್ಕರವೇ ಹತ್ತು ಪ್ರತಿ ಕೊಂಡರು.

ಮುಖಪುಟದ ವಿಷಯ ಬೇಗ ಹೇಳಿಬಿಡುತ್ತೇನೆ. ಚಿತ್ರ ಮಾಡುವವರು ಮೊದಲು ಅಚ್ಚ ಬಿಳಿ ಗೂಡುಗಳ ಫೋಟೊ ಹಾಕಿದ್ದರು. ಅವು ಬೈವೋಲ್ಟಿನ್ ಅನ್ನುವ ತಳಿಯ ಗೂಡು. ನನ್ನ ಕಥೆಗಳ ಕಾಲದಲ್ಲಿ ನಮ್ಮೂರಲ್ಲಿ ಇದ್ದದ್ದು ಹಳದಿ ಬಣ್ಣದ ಸಿಬಿ (ಮಿಶ್ರತಳಿ) ಗೂಡು. ಮಗಳು ಪಕ್ಕದ ಹಳ್ಳಿಗೆ ಹೋಗಿ, ಅಂಗಳದಲ್ಲಿ ಒರಗಿಸಿಟ್ಟ ಬಿದಿರಿನ ಚಂದ್ರಿಕೆಯ ಫೋಟೊ ತೆಗೆದು ತಂದಳು. ಅದೇ ಮುಖಪುಟ ಆಯಿತು.

ಈಗ ದುಡ್ಡಿನ ಲೆಕ್ಕ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ಪುಟ ಕಟ್ಟಲು ಪುಟಕ್ಕೆ 40ರಂತೆ 6,400. ಕರಡಿಗೆ 2,400. ಮುಖಪುಟಕ್ಕೆ 4,000. 70 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ, ಮುದ್ರಣ, ಬೈಂಡಿಂಗ್ ಸೇರಿ 500 ಪ್ರತಿಗೆ 33,000. ಸಾಗಾಟ 1,200. ಒಟ್ಟು 47,000. ಅಂದರೆ ಒಂದು ಪುಸ್ತಕಕ್ಕೆ 94 ರೂಪಾಯಿ ಬಿತ್ತು. ನಾನು ಬೆಲೆ 180 ಹಾಕಿದ್ದೆ. ಅಂಗಡಿಗೆ ಶೇಕಡಾ 40 ಬಿಟ್ಟರೆ ಕೈಗೆ ಬರುವುದು 108, ಉಳಿಯುವುದು 14. ಒಬ್ಬ ವಿತರಕರು ಶೇಕಡಾ 50 ಕೇಳಿದರು. ಆಗ ಕೈಗೆ ಬರುವುದು 90. ಪ್ರತಿ ಪುಸ್ತಕಕ್ಕೂ ನಾಲ್ಕು ರೂಪಾಯಿ ನಾನೇ ಕೊಟ್ಟು ಮಾರಿದ ಹಾಗೆ. ಮಂಡ್ಯದ ಆ ಹೆಂಗಸಿನ ಮಾತು ಆಗ ಅರ್ಥ ಆಯಿತು. ಅಷ್ಟು ಹೊತ್ತಿಗೆ ಬೆನ್ನಪುಟದಲ್ಲಿ ಬೆಲೆ ಅಚ್ಚಾಗಿತ್ತು. ಇನ್ನೊಂದು ವಿಷಯ: ಮುದ್ರಿತ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ. ಆದರೆ ಪ್ರೆಸ್ಸಿನ ಬಿಲ್ಲಿನಲ್ಲಿ ತೆರಿಗೆ ಇರುತ್ತೆ. ಅದು ನಮ್ಮ ಖರ್ಚಿನಲ್ಲೇ ಸೇರಿಹೋಗುತ್ತೆ. ಬೆಲೆ ಹಾಕುವಾಗ ಅದೂ ಲೆಕ್ಕದಲ್ಲಿರಲಿ.

ಯುಗಾದಿ ಕಳೆದ ವಾರ ಪುಸ್ತಕ ಬಂತು. ದೇವನಹಳ್ಳಿ ಹತ್ತಿರದ ವಿಜಯಪುರದ ಕಡೆಯಿಂದ ಬರುವ ಒಂದು ಗೂಡ್ಸ್ ಆಟೊದಲ್ಲಿ, 50ರಂತೆ ಹತ್ತು ಕಟ್ಟು. ಹುಳು ಮನೆ ಖಾಲಿ ಇತ್ತು, ಅಲ್ಲೇ ಇಳಿಸಿದೆವು. ಕತ್ತಲಾಗಿತ್ತು. ಮೊದಲ ಕಟ್ಟಿನ ದಾರ ನಮ್ಮ ಯಜಮಾನರೇ ಸೊಪ್ಪು ಕೊಯ್ಯುವ ಕುಡುಗೋಲಿನಲ್ಲಿ ಕೊಯ್ದರು. ಮೇಲಿನ ಪುಸ್ತಕ ತೆಗೆದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಆಮೇಲೆ ಮುಟ್ಟಿದರು. ತಿರುಗಿಸಿ ತಿರುಗಿಸಿ ನೋಡಿದರು. "ನಿನ್ನ ಹೆಸರು ದೊಡ್ಡದಾಗಿ ಹಾಕಿದ್ದಾರೆ" ಅಂದರು. ನನಗೆ ಮಾತು ಬರಲಿಲ್ಲ.

ರಾತ್ರಿ ಕೂತು ಒಂದೊಂದೇ ಬಿಚ್ಚಿ ನೋಡಿದೆ. ಹನ್ನೆರಡರಲ್ಲಿ ತಪ್ಪು ಸಿಕ್ಕಿತು. 65ರಿಂದ 80ರ ತನಕದ ಪುಟ ಎರಡು ಸಲ ಇದೆ, 81ರಿಂದ 96 ಇಲ್ಲ. ಬೈಂಡಿಂಗ್ ಮಾಡುವಾಗ ಒಂದು ಫಾರಂ ಬದಲಾಗಿದೆ. ಪ್ರೆಸ್ಸಿನವರು ಮುಂದಿನ ಸಲ ಸರಿ ಮಾಡುತ್ತೇವೆ ಅಂದರು, ಅಷ್ಟೇ. ಆದರೂ ಆ ರಾತ್ರಿ 500ನ್ನೂ ನೋಡಿದ್ದು ಒಳ್ಳೆಯದಾಯಿತು. ಓದುಗರ ಕೈಗೆ ಅಂಥದ್ದು ಒಂದೂ ಹೋಗಲಿಲ್ಲ.

ಏಪ್ರಿಲ್ 13ರ ಭಾನುವಾರ ನಮ್ಮೂರ ಸರ್ಕಾರಿ ಶಾಲೆಯ ಅಂಗಳದಲ್ಲಿ ಬಿಡುಗಡೆ. ಬೆಂಗಳೂರಿನಲ್ಲಿ ಸಭಾಂಗಣ ಹಿಡಿಯೋಣ ಅಂತ ಮಗಳಿಗೆ ಆಸೆ ಇತ್ತು. ಬಾಡಿಗೆ ಕೇಳಿ ಸುಮ್ಮನಾದೆವು. ಶಾಲೆಯ ಬೇವಿನ ಮರದ ಕೆಳಗೆ ಶಾಮಿಯಾನ, ಚಿತ್ರಾನ್ನ, ಮಜ್ಜಿಗೆ. ನಮ್ಮತ್ತೆಯೇ ಬಿಡುಗಡೆ ಮಾಡಿದರು. ಅವರಿಗೆ ಓದಲು ಬರುವುದಿಲ್ಲ. ಪುಸ್ತಕ ಎತ್ತಿ ಹಿಡಿದು, "ಇದರಲ್ಲಿ ನಾನು ಹೇಳಿದ ಮಾತು ಅವೆ" ಅಂದರು. ಅಂದು 61 ಪ್ರತಿ ಹೋದವು. ಕೈಯಲ್ಲಿ ಕೊಳ್ಳುವವರಿಗೆ 150 ಮಾಡಿದ್ದೆ.

ಅರವತ್ತೊಂದು ನೋಡಿ ನಾನು ಬೆಂಗಳೂರಿನ ಕಡೆ ಮುಖ ಮಾಡಿದೆ. ಕಥೆ ಓದುವವರು ಅಲ್ಲೇ ಅಲ್ವಾ ಅಂತ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಬಸ್ಸಿನಲ್ಲಿ ಚೀಲ ಹೊತ್ತು ಹೋಗಿ ಒಂದು ಅಂಗಡಿಗೆ 40, ಇನ್ನೊಂದಕ್ಕೆ 20 ಕೊಟ್ಟೆ. ಕೋಲಾರಕ್ಕೆ 20, ಚಿಕ್ಕಬಳ್ಳಾಪುರಕ್ಕೆ 20. ಒಟ್ಟು 100. ವರ್ಷ ಮುಗಿದಾಗ ಲೆಕ್ಕ ಹೀಗಿದೆ. ಚಿಕ್ಕಬಳ್ಳಾಪುರದ ಅಂಗಡಿಯವರು ಇಪ್ಪತ್ತನ್ನೂ ಮಾರಿ, ಅವರೇ ಫೋನ್ ಮಾಡಿ 2,160 ರೂಪಾಯಿ ಕಳಿಸಿದರು. ಕೋಲಾರದಿಂದ ಇಪ್ಪತ್ತೂ ವಾಪಸ್ ಬಂದವು. ಬೆಂಗಳೂರಿನ ಎರಡನೇ ಅಂಗಡಿಯಲ್ಲಿ 18 ಮಾರಾಟವಾಗಿ ಎರಡು ವಾಪಸ್ ಬಂದವು, ದುಡ್ಡು ಇನ್ನೂ ಬಂದಿಲ್ಲ. ಮೊದಲ ಅಂಗಡಿಯ ನಲವತ್ತರ ಬಗ್ಗೆ ಕೇಳಿದಾಗಲೆಲ್ಲ "ಮುಂದಿನ ತಿಂಗಳು ನೋಡಿ ಹೇಳ್ತೀವಿ" ಅನ್ನುತ್ತಾರೆ. ನಾನು ಕೊಟ್ಟಾಗ ರಸೀದಿ ಬರೆಸಿಕೊಳ್ಳಲಿಲ್ಲ. ಗೂಡು ಮಾರುವಾಗ ಚೀಟಿ ಇಲ್ಲದೆ ಒಂದು ಕಿಲೋ ಬಿಡುವವಳಲ್ಲ ನಾನು. ಪುಸ್ತಕದ ವಿಷಯದಲ್ಲಿ ಕೇಳಲು ಸಂಕೋಚ ಪಟ್ಟೆ. ಆ ಸಂಕೋಚ ಇಟ್ಟುಕೊಳ್ಳಬಾರದಿತ್ತು.

ಮೇ ತಿಂಗಳಲ್ಲಿ ಕನ್ನಡದ ಸಣ್ಣಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ನಮ್ಮೂರ ಹಾಲಿನ ಡೇರಿಯ ಹತ್ತಿರವೂ ಅದೇ ಮಾತು. "ನೀನೂ ಕಥೆನೇ ಅಲ್ವೇನಕ್ಕ ಬರೆಯೋದು?" ಅಂತ ಕೇಳಿ ಹಾಲು ಹಾಕಲು ಬಂದವರೇ ಆರು ಪ್ರತಿ ಕೊಂಡರು. ಕಥೆ ಅನ್ನುವುದಕ್ಕೆ ಒಂದು ಮರ್ಯಾದೆ ಬಂದಂತೆ ಆಯಿತು. ನನಗೆ ನಿಜವಾಗಿ ಹೆಮ್ಮೆ ಆಯಿತು.

ಆಮೇಲೆ ನಡೆದದ್ದು ನಾನು ಯೋಚಿಸಿದ್ದಲ್ಲ. ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಒಬ್ಬಳು, "ಅಕ್ಕ, ಒಂದೇ ಸಲ ನೂರೈವತ್ತು ಆಗಲ್ಲ, ಮೂರು ಸಲ ಐವತ್ತೈವತ್ತು ಕೊಡ್ತೀನಿ" ಅಂದಳು. ಸರಿ ಅಂದೆ. ಅವಳನ್ನು ನೋಡಿ ಇನ್ನೂ ಹದಿಮೂರು ಜನ ಹಾಗೇ ತೆಗೆದುಕೊಂಡರು. ಒಂದು ಕಂತೂ ತಪ್ಪಲಿಲ್ಲ. ಪಕ್ಕದ ಊರಿನ ಸಂಘದಿಂದ ಕರೆ ಬಂತು. ಗುರುಪೂರ್ಣಿಮೆಗೆ ಕೈವಾರಕ್ಕೆ ಹೋದಾಗ ಚೀಲದಲ್ಲಿ ಹತ್ತು ಇಟ್ಟುಕೊಂಡಿದ್ದೆ, ಏಳು ಹೋದವು. ಗೂಡಿನ ಮಾರುಕಟ್ಟೆಗೆ ಯಜಮಾನರು ಗೂಡಿನ ಜೊತೆ ಎರಡು ಮೂರು ಒಯ್ಯತೊಡಗಿದರು. ಹರಾಜು ಮುಗಿಯುವ ತನಕ ಕಾಯುವ ಜನ ತಿರುವಿ ಹಾಕುತ್ತಾರೆ, ಕೆಲವರು ಫೋನ್‌ಪೇ ಮಾಡಿ ಒಯ್ಯುತ್ತಾರೆ. ಪುಸ್ತಕದ ಅಂಗಡಿಯ ಮೆಟ್ಟಿಲನ್ನೇ ಹತ್ತದ ಜನ ಇವರು. ಬಿಡುಗಡೆಯ ದಿನದ 61 ಸೇರಿ, ಹೀಗೆ ಕೈಯಿಂದ ಕೈಗೆ ಹೋದದ್ದು 186.

ಅದರಲ್ಲಿ ಒಂದು ಪ್ರತಿಯ ಬಗ್ಗೆ ಹೇಳಬೇಕು. ಶಿಡ್ಲಘಟ್ಟ ಪೇಟೆಯಲ್ಲಿ ನೂಲು ತೆಗೆಯುವ ಒಂದು ಮನೆ ಇದೆ. ಅಲ್ಲಿ ಕೆಲಸ ಮಾಡುವ ಆಪಾ ನನಗೆ ಹಳೆಯ ಪರಿಚಯ. ಒಂದು ಕಥೆ ಬರೆಯುವ ಮುಂಚೆ ಅವರ ಪಕ್ಕ ಎರಡು ದಿನ ಕೂತಿದ್ದೆ. ಜುಲೈನಲ್ಲಿ ಪುಸ್ತಕ ಒಯ್ದು ಕೊಟ್ಟೆ. ಅವರು ಹಾಗೇ ತೆಗೆದುಕೊಳ್ಳಲಿಲ್ಲ. ಸೆರಗಿನ ಗಂಟು ಬಿಚ್ಚಿ ನೂರೈವತ್ತು ಎಣಿಸಿದರು. ಒಂಬತ್ತನೇ ಕ್ಲಾಸಿನ ಮಗಳನ್ನು ಕರೆದು, "ಓದು" ಅಂದರು.

ಹುಡುಗಿ ಬಾಗಿಲ ಹತ್ತಿರ ಕೂತು ಓದಿದಳು. ಬಿಸಿನೀರಿನಲ್ಲಿ ಗೂಡು ಕುದಿಯುವ ವಾಸನೆ, ಹಬೆ. ಆಪಾ ಕೆಲಸ ನಿಲ್ಲಿಸಲಿಲ್ಲ. ಎಳೆ ಹಿಡಿಯುತ್ತಾ, ಹರಿದದ್ದನ್ನು ಸೇರಿಸುತ್ತಾ ಕೇಳಿದರು. ಕಥೆಯಲ್ಲಿ ನೂಲು ತೆಗೆಯುವ ಹೆಂಗಸಿನ ಬೆರಳ ತುದಿ ಬೆಳ್ಳಗೆ ಬೆಂದು ಸುಲಿದಿರುವ ಮಾತು ಬಂತು. ಆಗ ತಮ್ಮ ಕೈ ಒಂದು ಸಲ ನೋಡಿಕೊಂಡರು. ಮುಗಿಯುವ ತನಕ ಏನೂ ಅನ್ನಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಎಲ್ಲಾ ಸರಿ ಐತೆ. ಆದ್ರೆ ತಣ್ಣೀರು ಎಲ್ಲಿ?" ಅಂದರು.

ನನಗೆ ತಿಳಿಯಲಿಲ್ಲ. ಅವರು ಪಕ್ಕದಲ್ಲಿದ್ದ ಸಣ್ಣ ಸ್ಟೀಲ್ ಬಟ್ಟಲು ತೋರಿಸಿದರು. ಬೆರಳು ಸುಟ್ಟಾಗಲೆಲ್ಲ ಅದರಲ್ಲಿ ಅದ್ದಿ ಮತ್ತೆ ಬಿಸಿನೀರಿಗೆ ಕೈ ಹಾಕುವುದು. ಎರಡು ದಿನ ಕೂತಿದ್ದೆ, ಆ ಬಟ್ಟಲು ಕಣ್ಣೆದುರೇ ಇತ್ತು. ನಾನು ಬರೆದೇ ಇರಲಿಲ್ಲ. "ಅದಿಲ್ಲದೆ ಯಾರು ಮಾಡ್ತಾರಮ್ಮಾ ಈ ಕೆಲಸ" ಅಂದರು. ಬೈದಂತೆ ಅಲ್ಲ. ಬಹಳ ಮೆತ್ತಗೆ ಅಂದರು. ಅಲ್ಲಿಂದ ಬಸ್ ಸ್ಟ್ಯಾಂಡಿನ ತನಕ ಅದೇ ಬಟ್ಟಲು ನನ್ನ ಕಣ್ಣ ಮುಂದೆ. ಪತ್ರಿಕೆಗಳಲ್ಲಿ ಎರಡು ವಿಮರ್ಶೆ ಬಂದವು, ಎರಡೂ ಮೆಚ್ಚಿ ಬರೆದವೇ. ಆದರೆ ನನ್ನ ಬರಹಕ್ಕೆ ಆ ವರ್ಷ ಸಿಕ್ಕ ದೊಡ್ಡ ಓದು ಆಪಾ ಅವರದು.

ಅಂಚೆಯ ವಿಷಯವನ್ನೂ ಬರೆಯುತ್ತೇನೆ, ಹೊಸಬರಿಗೆ ಉಪಯೋಗ ಆಗುತ್ತೆ. ಹಿಂದೆ ಪುಸ್ತಕ ಕಳಿಸಲು ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು, ಬಹಳ ಕಡಿಮೆ ಖರ್ಚು. 2024ರ ಡಿಸೆಂಬರ್‌ನಲ್ಲಿ ಅದು ನಿಂತುಹೋಯಿತು. ನನ್ನ ಪುಸ್ತಕ ಬಂದಾಗ ಏಪ್ರಿಲ್. ಮೊದಲ ಒಂಬತ್ತು ಪ್ರತಿ ಕಳಿಸಿದಾಗ ಅಂಚೆ ಖರ್ಚು ನೋಡಿ ಗಾಬರಿ ಆಯಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಹೊಸದು ಶುರುವಾಯಿತು. 300 ಗ್ರಾಂ ತನಕ 20 ರೂಪಾಯಿ, ಮೇಲೆ ತೆರಿಗೆ. ಐದು ಕಿಲೋ ತನಕ ಕಳಿಸಬಹುದು, ಅದಕ್ಕೆ 100. ಎಲ್ಲಿಗೆ ಮುಟ್ಟಿದೆ ಅಂತ ನಂಬರ್ ಹಾಕಿ ನೋಡಬಹುದು. ಶಿಕ್ಷಣ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ವಿಷಯದ ಪುಸ್ತಕ ಆಗಿರಬೇಕು. ಒಳಗೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು, ಜಾಹೀರಾತು ಇರಬಾರದು. ಇದನ್ನು ನನಗೆ ಹೇಳಿಕೊಟ್ಟದ್ದು ನಮ್ಮ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ. ಅವಳೇ ಪುಸ್ತಕವನ್ನು ತಕ್ಕಡಿಗೆ ಹಾಕಿದಳು. 190 ಗ್ರಾಂ. ಕಂದು ಕಾಗದ, ದಾರ ಸೇರಿ 215. "ಆಂಟಿ, ಇನ್ನೂ ದಪ್ಪ ಬರೆದಿದ್ರೂ ಆಗ್ತಿತ್ತು" ಅಂದಳು. ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಯಿತು. ಹಾಗಾಗಿ ಸಾಧಾರಣ ಬೆಲೆಯ ಪುಸ್ತಕ ಮಾರುವವರಿಗೆ ಈಗ ಜ್ಞಾನ ಪೋಸ್ಟೇ ಆಸರೆ.

ಅಂಚೆಯಲ್ಲಿ 71 ಹೋದವು. ಮಗಳು ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕುತ್ತಿದ್ದಳು, ಓದಿದವರು ಇನ್ನೊಬ್ಬರಿಗೆ ಹೇಳುತ್ತಿದ್ದರು. ರಾಮನಗರದಿಂದ ಹನ್ನೆರಡು ಬೇಡಿಕೆ ಬಂದವು. ಅಲ್ಲೂ ಗೂಡಿನ ಮಾರುಕಟ್ಟೆ, ಅಲ್ಲೂ ನೂಲು. ಬೆಂಗಳೂರಿನಿಂದಲೂ ಬಂದವು. ಆದರೆ ವಿಚಾರಿಸಿದರೆ ಹೆಚ್ಚಿನವರು ಚಿಂತಾಮಣಿ, ಗೌರಿಬಿದನೂರು, ಮುಳಬಾಗಿಲು ಕಡೆಯಿಂದ ಹೋಗಿ ಅಲ್ಲಿ ನೆಲೆಸಿದವರು. ಒಬ್ಬರು ಫೋನಿನಲ್ಲಿ "ಹಣ್ಣು ಹುಳು ಅನ್ನೋ ಮಾತು ಕೇಳಿ ಮೂವತ್ತು ವರ್ಷ ಆಗಿತ್ತಮ್ಮ" ಅಂದು ಸ್ವಲ್ಪ ಹೊತ್ತು ಸುಮ್ಮನಾದರು.

ಇನ್ನು 43 ಪ್ರತಿ ಸುಮ್ನೆ ಕೊಟ್ಟದ್ದು: ಪತ್ರಿಕೆಗಳಿಗೆ, ಕಥೆಗೆ ಮಾತು ಕೊಟ್ಟವರಿಗೆ, ನೆಂಟರಿಗೆ, ನಮ್ಮ ಪಂಚಾಯ್ತಿ ಗ್ರಂಥಾಲಯಕ್ಕೆ. ಅದರಲ್ಲಿ ನಾಲ್ಕು ಕಾನೂನಿನ ಪ್ರಕಾರ ಕೊಡಲೇಬೇಕಾದವು. 1954ರ ಒಂದು ಕಾಯ್ದೆ ಇದೆ. ಪುಸ್ತಕ ಪ್ರಕಟಿಸಿದವರು 30 ದಿನದೊಳಗೆ ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೂ ಪ್ರತಿ ಕಳಿಸಬೇಕು. ನನಗೆ ಇದು ಗೊತ್ತಾದದ್ದು ತಡವಾಗಿ, ಕಳಿಸಿದ್ದು ಜೂನ್‌ನಲ್ಲಿ. ನೀವು ತಡ ಮಾಡಬೇಡಿ. ಕೋಲ್ಕತ್ತದ ವಿಳಾಸ ಬರೆಯುವಾಗ ಒಂದು ಥರ ಖುಷಿ. ನಮ್ಮತ್ತೆ ಹೇಳಿದ "ಸುಣ್ಣಕಟ್ಟು" ಅನ್ನುವ ಮಾತು ಅಲ್ಲಿ ಕಪಾಟಿನಲ್ಲಿ ಕೂತಿರುತ್ತೆ ಅಂತ.

ಲೆಕ್ಕ ಮುಗಿಸುತ್ತೇನೆ. ಕೈಯಲ್ಲಿ ಮಾರಿದ್ದು 27,900. ಅಂಚೆಯಲ್ಲಿ 12,780, ಅದರಲ್ಲಿ ಅಂಚೆ ಮತ್ತು ಕಾಗದದ ಖರ್ಚು 2,400 ಕಳೆಯಬೇಕು. ಅಂಗಡಿಯಿಂದ 2,160. ಒಟ್ಟು ಬಂದದ್ದು 40,440. ಹಾಕಿದ್ದು 47,000. ಇನ್ನು 6,560 ಬರಬೇಕು, ಮಂಚದ ಕೆಳಗೆ 110 ಇವೆ. ಕೈಯಲ್ಲಿ ಮಾರಿದರೆ 44 ಹೋದರೆ ಸಾಕು, ಹಾಕಿದ ದುಡ್ಡು ಬಂದಂತೆ. ನಾನು ಬೆಂಗಳೂರಿಗೆ ಓಡಾಡಿದ ಬಸ್ ಚಾರ್ಜು ಇದರಲ್ಲಿ ಸೇರಿಲ್ಲ. ಆ ಓಡಾಟವನ್ನು ಮೊದಲ ತಿಂಗಳಿಂದಲೇ ಚಿಂತಾಮಣಿ, ಶಿಡ್ಲಘಟ್ಟ, ವಿಜಯಪುರಗಳಲ್ಲಿ ಮಾಡಿದ್ದರೆ ಈ ಹೊತ್ತಿಗೆ ಮಂಚದ ಕೆಳಗೆ ಜಾಗ ಇರುತ್ತಿತ್ತು ಅಂತ ನನ್ನ ನಂಬಿಕೆ.

ಪುಸ್ತಕ ಮಂಚದ ಕೆಳಗೆ ಬಂದದ್ದೇ ಹುಳು ಮನೆ ಬೇಕಾಗಿದ್ದರಿಂದ. ಪ್ರತಿ ಬೆಳೆಗೂ ಮುಂಚೆ ಗೋಡೆ, ನೆಲ, ತಟ್ಟೆ ಎಲ್ಲಾ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು. ಅಲ್ಲಿ ಕಾಗದ ಇಡುವ ಹಾಗಿಲ್ಲ. ನಾಡಿದ್ದು ಮತ್ತೆ ಚಾಕಿ ಹುಳು ಬರುತ್ತೆ, 150 ಮೊಟ್ಟೆಯದು, ಅಂದರೆ 150 ಚಿಟ್ಟೆ ಇಟ್ಟಷ್ಟು ಮೊಟ್ಟೆಯದು. ಇನ್ನು ಒಂದು ತಿಂಗಳು ಎಲ್ಲಿಗೂ ಹೋಗಲಾಗುವುದಿಲ್ಲ. ಅಷ್ಟರಲ್ಲಿ ಎರಡನೇ ಮುದ್ರಣದ ಕೆಲಸ ಶುರು ಮಾಡಿಟ್ಟಿದ್ದೇನೆ. ಫಾರಂ ತಪ್ಪಾದ ಹನ್ನೆರಡು ಪ್ರತಿಯಲ್ಲಿ ಒಂದನ್ನು ತಿದ್ದಲು ಇಟ್ಟುಕೊಂಡಿದ್ದೇನೆ. ಅದರಲ್ಲಿ ಕೆಂಪು ಪೆನ್ನಿನಲ್ಲಿ ಮೊದಲು ಬರೆದದ್ದು 74ನೇ ಪುಟದಲ್ಲಿ, ಕೆಳಗಿನಿಂದ ಆರನೇ ಸಾಲಿನ ಪಕ್ಕ: ತಣ್ಣೀರಿನ ಬಟ್ಟಲು.